ವಾರದ ಗುಳಿಗೆ
ರಾಜಾಜಿನಗರದ ಉದ್ಯಾನಗಳಲ್ಲಿ ಮುಂಜಾನೆ ನಡೆದಾಡುವ ಹಿರಿಯರ ಮಾತು ಮಂಡಿನೋವಿನಿಂದ ಆರಂಭವಾಗಿ ಬಹುಬೇಗ ಗುಳಿಗೆಗಳತ್ತ ಹೊರಳುತ್ತದೆ. ಕೊರತೆಯನ್ನು ಕಂಡು ವೈದ್ಯರು ಒಬ್ಬರಿಗೆ ಬರೆದುಕೊಟ್ಟ ಜೀವಸತ್ವ ‘ಡಿ’ ಸಲಹೆಯ ರೂಪದಲ್ಲಿ ನೆರೆಮನೆಗೂ ಸಾಗುತ್ತದೆ. ‘ವಾರಕ್ಕೊಂದು, ಇಷ್ಟೇ ವಾರ’ ಎಂಬ ಮಾತು ಮಾತ್ರ ದಾರಿಯಲ್ಲೆಲ್ಲೋ ಉದುರಿಹೋಗುತ್ತದೆ. ಅಪಾಯವಿರುವುದು ಅಲ್ಲಿಯೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ವಯಸ್ಕರಿಗೆ ಸೂಚಿಸಿದ ದಿನದ ಪ್ರಮಾಣ 600 ಯೂನಿಟ್. ವಾರದ ಗುಳಿಗೆಯೊಂದರಲ್ಲಿ ಸಾಮಾನ್ಯವಾಗಿ ಇರುವುದು 60,000. ಎಂದರೆ ನೂರು ದಿನಗಳ ಪಾಲು!

‘ಬಿ’ ಗುಂಪಿನ ಜೀವಸತ್ವಗಳು ಹೆಚ್ಚಾದರೆ ಬಹುಮಟ್ಟಿಗೆ ಮೂತ್ರದಲ್ಲಿ ಹೊರಹೋಗುತ್ತವೆ; ‘ಡಿ’ಯಾದರೋ ಕೊಬ್ಬಿನಲ್ಲಿ ಕರಗಿ ದೇಹದಲ್ಲೇ ನೆಲೆಸುವಂಥದು. ತಿಂಗಳುಗಟ್ಟಲೆ ದಿನವೂ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ನಿಶ್ಶಕ್ತಿ. ಕೊನೆಗೆ ಮೂತ್ರಪಿಂಡಕ್ಕೇ ಪೆಟ್ಟು. ಆ ನಿಶ್ಶಕ್ತಿಗೆಂದು ಇನ್ನೊಂದು ಗುಳಿಗೆಯನ್ನು ಸೇರಿಸಿಕೊಳ್ಳುವವರೂ ಉಂಟು.