ಗಣಕವನ್ನು ಅಣಿಗೊಳಿಸಿ, ಕ್ರಮವಿಧಿ ಬರೆಯಲು ತೊಡಗಿ



ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ದಾಟಿ, ಬೊಮ್ಮಸಂದ್ರವನ್ನು ಹಿಂದೆ ಬಿಟ್ಟರೆ ಚಂದಾಪುರ ಸಿಗುತ್ತದೆ. ಆನೇಕಲ್ಲಿಗೆ ಹೋಗುವ ರಸ್ತೆ ಇಲ್ಲಿಯೇ ಕವಲೊಡೆಯುತ್ತದೆ. ಕರ್ನಾಟಕ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯು ಆರ್. ಕೆ. ಬಾಳಿಗ ಅವರ ಮುಂದಾಳತ್ವದಲ್ಲಿ, 1978ರಲ್ಲಿ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ಜಮೀನಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿತು. ಆ ಕಟ್ಟಡಗಳ ಮುಂದೆಯೇ ದಿನವೂ ಬಸ್ಸಿನಲ್ಲಿ ಹಾದುಹೋಗುವ ನಿಮ್ಮಲ್ಲಿ ಕೆಲವರಿಗೆ, ಒಳಗೆ ನಡೆಯುವ ಕೆಲಸ ನಮಗೆ ನಿಲುಕದ್ದು ಎನಿಸಿರಬಹುದು. ದುಬಾರಿ ಲ್ಯಾಪ್‌ಟಾಪ್ ಬೇಕು, ಸಾವಿರಾರು ರೂಪಾಯಿ ಶುಲ್ಕ ಕಟ್ಟಿ ತರಗತಿಗೆ ಸೇರಬೇಕು, ಇಂಗ್ಲಿಷ್ ಚೆನ್ನಾಗಿ ಬರಬೇಕು ಎಂಬ ಮೂರು ಮಾತುಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ಇವು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ಪ್ರಯೋಗ ಮಾಡಿಯೇ ನೋಡೋಣ.

ಮೊದಲು ಯಂತ್ರದ ವಿಚಾರ. ಕಲಿಯುವವರು ಬರೆಯುವ ಕ್ರಮವಿಧಿ ಹತ್ತಿಪ್ಪತ್ತು ಸಾಲುಗಳದ್ದು. ಅದಕ್ಕೆ ಬೇಕಾಗುವ ಸ್ಮೃತಿ ಅತ್ಯಲ್ಪ. ಹಳೆಯ ಗಣಕ ನಿಧಾನವಾಗುವುದು ಬಹುಮಟ್ಟಿಗೆ ಅದರಲ್ಲಿರುವ ಭಾರವಾದ ಕಾರ್ಯಾಚರಣ ವ್ಯವಸ್ಥೆಯಿಂದ. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ಸಂಸ್ಥೆ 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ವಿಂಡೋಸ್ 11 ನಡೆಸಲಾಗದ ಯಂತ್ರಗಳು ಕೆಟ್ಟುಹೋದವೆಂದು ಇದರ ಅರ್ಥವಲ್ಲ. 64 ಬಿಟ್ ಸಂಸ್ಕಾರಕ ಮತ್ತು 4 ಗಿಗಾಬೈಟ್ ಸ್ಮೃತಿ ಇರುವ ಹಳೆಯ ಗಣಕ ನಮ್ಮ ಕೆಲಸಕ್ಕೆ ಧಾರಾಳವಾಗಿ ಸಾಕು.

ಇಂಥ ಯಂತ್ರಕ್ಕೆ ಲಿನಕ್ಸ್ ಆಧಾರಿತ ಹಗುರವಾದ ವ್ಯವಸ್ಥೆಯೊಂದು ಒಗ್ಗುತ್ತದೆ. ಉದಾಹರಣೆಗೆ ಲುಬುಂಟು. ಇದು ಉಚಿತ. ಕಾಲೇಜಿನ ಪ್ರಯೋಗಾಲಯದಲ್ಲಿ ಇದರ ಕಡತವನ್ನು ಇಳಿಸಿಕೊಂಡು, ರೂಫಸ್‌ನಂತಹ ತಂತ್ರಾಂಶದ ಮೂಲಕ 8 ಗಿಗಾಬೈಟಿನ ಪೆನ್‌ಡ್ರೈವ್‌ಗೆ ತುಂಬಿಸಿ. ಪೆನ್‌ಡ್ರೈವ್‌ನಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಅದನ್ನು ಗಣಕಕ್ಕೆ ಸಿಕ್ಕಿಸಿ, ಗಣಕ ಏಳುವಾಗ ಆರಂಭದ ಪಟ್ಟಿಯಲ್ಲಿ ಪೆನ್‌ಡ್ರೈವ್ ಆಯ್ದುಕೊಂಡರೆ, ಹಾರ್ಡ್ ಡಿಸ್ಕನ್ನು ಮುಟ್ಟದೆಯೇ ಹೊಸ ವ್ಯವಸ್ಥೆಯನ್ನು ಪರೀಕ್ಷಿಸಬಹುದು. ಹೀಗೆ ನಡೆಸುವಾಗ ಬರೆದಿಟ್ಟದ್ದು ಗಣಕ ಆರಿಸಿದೊಡನೆ ಮಾಯವಾಗುತ್ತದೆ. ತೃಪ್ತಿಯಾದ ಮೇಲೆ ಮಾತ್ರ ಶಾಶ್ವತವಾಗಿ ಸ್ಥಾಪಿಸಿ. ಅದಕ್ಕೆ ಮುಂಚೆ ಮನೆಯವರ ಫೋಟೋ, ಲೆಕ್ಕಪತ್ರಗಳನ್ನು ಬೇರೆಡೆ ನಕಲು ಮಾಡಿಟ್ಟು, ಅವು ತೆರೆಯುತ್ತವೆಯೇ ಎಂದು ನೋಡಿ. ಮನೆಯ ಗಣಕ ನಿಮ್ಮೊಬ್ಬರದೇ ಅಲ್ಲವಷ್ಟೆ!

ಲುಬುಂಟುವಿನೊಳಗೆ ಪೈಥಾನ್ ಎಂಬ ಕ್ರಮವಿಧಿ ಭಾಷೆ ಮೊದಲೇ ಇರುತ್ತದೆ. ನೆದರ್‌ಲ್ಯಾಂಡ್ಸ್‌ನ ಗೀಡೋ ವಾನ್ ರೋಸಮ್ 1991ರಲ್ಲಿ ಬಿಡುಗಡೆ ಮಾಡಿದ ಈ ಭಾಷೆಗೆ ಹೆಸರು ಬಂದದ್ದು ಹೆಬ್ಬಾವಿನಿಂದಲ್ಲ, ಬಿಬಿಸಿಯ ಒಂದು ಹಾಸ್ಯ ಧಾರಾವಾಹಿಯಿಂದ. ಇದರಲ್ಲಿ ಕಾಯ್ದಿರಿಸಿದ ಇಂಗ್ಲಿಷ್ ಪದಗಳು ಕೇವಲ 35.

ಇನ್ನು ಕನ್ನಡ. ಕೀಲಿಮಣೆಯ ಆಯ್ಕೆಗಳಲ್ಲಿ ಕನ್ನಡದ 'ಕಗಪ' ವಿನ್ಯಾಸವನ್ನು ಸೇರಿಸಿಕೊಳ್ಳಿ. ಈಗ ಪಠ್ಯ ಸಂಪಾದಕ ತೆರೆದು, ಇಂಗ್ಲಿಷ್ ಚಿಕ್ಕಕ್ಷರಗಳಲ್ಲಿ ಪಿ-ಆರ್-ಐ-ಎನ್-ಟಿ ಎಂದು ಬರೆದು ಆವರಣ ತೆರೆಯಿರಿ. ಅದರೊಳಗೆ ಎಲ್-ಇ-ಎನ್ ಎಂದು ಬರೆದು ಇನ್ನೊಂದು ಆವರಣ ತೆರೆಯಿರಿ. ಉದ್ಧರಣ ಚಿಹ್ನೆಗಳ ನಡುವೆ ಕನ್ನಡದಲ್ಲಿಯೇ 'ಚಂದಾಪುರ' ಎಂದು ಬರೆದು, ಎರಡೂ ಆವರಣಗಳನ್ನು ಮುಚ್ಚಿ. ಮೊದಲನೆಯದು ಮುದ್ರಿಸು ಎಂಬ ಆದೇಶ, ಎರಡನೆಯದು ಉದ್ದವನ್ನು ಎಣಿಸು ಎಂಬ ಆದೇಶ. ಕಡತಕ್ಕೆ 'ಎ ಚುಕ್ಕಿ ಪಿವೈ' ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟು ಮುಖ್ಯ ಕಡತಕೋಶದಲ್ಲಿ ಉಳಿಸಿ. ಟರ್ಮಿನಲ್ ತೆರೆದು ಪೈಥಾನ್3 ಎಂದು ಇಂಗ್ಲಿಷಿನಲ್ಲಿ ಬರೆದು, ಸ್ವಲ್ಪ ಜಾಗ ಬಿಟ್ಟು, ಕಡತದ ಹೆಸರು ಬರೆದು ಎಂಟರ್ ಒತ್ತಿ.

ಚಂ, ದಾ, ಪು, ರ ಎಂದು ನಾವು ನಾಲ್ಕು ಅಕ್ಷರ ಎಣಿಸುತ್ತೇವೆ. ಗಣಕ ಹೇಳುವುದು 7! ಇದು ದೋಷವಲ್ಲ. ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಡಲಾಗಿದೆ. ಅಲ್ಲಿ ಚ ಒಂದು ಸಂಕೇತ, ಅನುಸ್ವಾರ ಮತ್ತೊಂದು, ದ ಒಂದು, ಅದರ ದೀರ್ಘ ಮತ್ತೊಂದು, ಪ ಒಂದು, ಅದರ ಕೊಂಬು ಮತ್ತೊಂದು, ರ ಒಂದು. ಒಟ್ಟು ಏಳು. ಕನ್ನಡದ ಹೆಸರನ್ನು ತುಂಬುವ ಅರ್ಜಿಯೊಂದರಲ್ಲಿ 'ಇಪ್ಪತ್ತು ಅಕ್ಷರ ಮಾತ್ರ' ಎಂಬ ಮಿತಿಯನ್ನು ಹೀಗೆ ಎಣಿಸಿ ಹಾಕಿದರೆ, ಉದ್ದವಲ್ಲದ ಹೆಸರೂ ನಡುವೆಯೇ ತುಂಡಾಗುತ್ತದೆ. ಈ ತೊಂದರೆ ಬೇಗನೆ ಕಣ್ಣಿಗೆ ಬೀಳುವುದು ಕನ್ನಡ ಓದಬಲ್ಲ ಕ್ರಮವಿಧಿಕಾರರಿಗೆ. ನಿಮ್ಮ ಭಾಷೆ ಈ ಕೆಲಸಕ್ಕೆ ಅಡ್ಡಿಯಲ್ಲ, ಅದೂ ಒಂದು ಅರ್ಹತೆ.

ಉದ್ಧರಣ ಚಿಹ್ನೆ ಮರೆತರೆ, ಆ ಹೆಸರು ತನಗೆ ಗೊತ್ತಿಲ್ಲವೆಂದು ಪೈಥಾನ್ ಇಂಗ್ಲಿಷಿನಲ್ಲಿ ದೂರುತ್ತದೆ. ಗಾಬರಿ ಬೇಡ. ಸಂದೇಶದ ಕೊನೆಯ ಸಾಲನ್ನು ಮೊದಲು ಓದಿ, ಅದರ ಮೇಲಿರುವ ಸಾಲಿನ ಸಂಖ್ಯೆ ನೋಡಿ, ತಿದ್ದಿ ಮತ್ತೆ ನಡೆಸಿ. ಮುಂದಕ್ಕೆ ಇಂಗ್ಲಿಷ್ ಕೈಪಿಡಿಗಳನ್ನು ಓದಬೇಕಾಗುವುದು ನಿಜ. ಆದರೆ ಅದಕ್ಕೆ ಬೇಕಾದ ಇಂಗ್ಲಿಷನ್ನು ಇಂತಹ ಸಂದೇಶಗಳಿಂದಲೇ ದಿನಕ್ಕಿಷ್ಟು ಕಲಿಯಬಹುದು. ತರಗತಿಗೆ ಹಣ ಕಟ್ಟುವ ಯೋಚನೆ ಇದ್ದರೆ, ಒಂದು ತಿಂಗಳು ಹೀಗೆ ಅಭ್ಯಾಸ ಮಾಡಿದ ಮೇಲೆ ನಿರ್ಧರಿಸಿ.

ಈಗ ನಿಮಗೊಂದು ಲೆಕ್ಕ. 'ಅತ್ತಿಬೆಲೆ' ಎಂಬ ಹೆಸರಿಗೆ ಗಣಕ ಎಷ್ಟು ಹೇಳೀತು? ಒತ್ತಕ್ಷರದ ನಡುವೆ ಅಡಗಿರುವ ವಿರಾಮ ಚಿಹ್ನೆಯನ್ನೂ ಎಣಿಸಿ, ಮೊದಲು ಕಾಗದದ ಮೇಲೆ ಬರೆದುಕೊಳ್ಳಿ. ಬಳಿಕ ಗಣಕವನ್ನು ಕೇಳಿ. ಉತ್ತರ 9 ಬಂದಿದ್ದರೆ, ನಿಮ್ಮ ಊರಿನ ಹೆಸರಿಗೂ ಹಾಗೆಯೇ ಎಣಿಸಿ ನೋಡಿ.