ಬಾಯಿಯ ನೋವು, ಬಾಳಿನ ಅಳತೆ

ಆಸ್ಟ್ರೇಲಿಯಾ ಖಂಡದ ನಟ್ಟನಡುವೆ, ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಿಂದ ವಾಯವ್ಯಕ್ಕೆ ಸುಮಾರು 290 ಕಿಲೋಮೀಟರ್ ದೂರದಲ್ಲಿ ಯುಯೆಂಡುಮು ಎಂಬ ಊರಿದೆ. ವಾರ್ಲ್‌ಪಿರಿ ಎಂಬ ಮೂಲನಿವಾಸಿ ಜನರ ನೆಲೆ ಅದು. ಅಡಿಲೇಡ್ ವಿಶ್ವವಿದ್ಯಾಲಯದ ದಂತವಿಜ್ಞಾನಿಗಳು 1951ರಿಂದ ಮೊದಲ್ಗೊಂಡು ಸುಮಾರು ಎರಡು ದಶಕಗಳ ಕಾಲ ಅಲ್ಲಿಗೆ ಮತ್ತೆ ಮತ್ತೆ ತೆರಳಿ, ಜನರ ಹಲ್ಲಿನ ಸಾಲುಗಳ ಪ್ಲಾಸ್ಟರ್ ಅಚ್ಚುಗಳನ್ನು ತೆಗೆದಿರಿಸಿದರು. ಬೇಟೆಯ ಮಾಂಸ, ಗೆಡ್ಡೆ, ಕಾಡುಬೀಜಗಳನ್ನು ತಿಂದು ಬೆಳೆದ ಹಿರಿಯರ ಹಲ್ಲುಗಳು ಸವೆದು ಸಮತಟ್ಟಾಗಿದ್ದವು. ಆದರೆ ಹುಳುಕು ವಿರಳವಾಗಿತ್ತು.

ಇಂದು ಆ ದೇಶದ ಮೂಲನಿವಾಸಿ ವಯಸ್ಕರಲ್ಲಿ ಚಿಕಿತ್ಸೆ ಕಾಣದ ಹುಳುಕು ಹಲ್ಲುಗಳೂ ವಸಡಿನ ರೋಗವೂ ಉಳಿದವರಿಗಿಂತ ಹೆಚ್ಚು. ಕಾರಣವನ್ನು ಅವರ ಅಜಾಗ್ರತೆಯಲ್ಲಿ ಹುಡುಕುವುದು ಅನ್ಯಾಯವೆಂದೇ ನಾವು ಭಾವಿಸುತ್ತೇವೆ. ಬೇಟೆಯ ನೆಲ ಕೈತಪ್ಪಿತು. ಸರ್ಕಾರದ ನೆಲೆಗಳಲ್ಲಿಯೂ ಮಿಷನ್ ಕೇಂದ್ರಗಳಲ್ಲಿಯೂ ಪಡಿಯಾಗಿ ದೊರೆತದ್ದು ಬಿಳಿಯ ಗೋಧಿಹಿಟ್ಟು, ಸಕ್ಕರೆ ಮತ್ತು ಚಹಾ. ಕೊಟ್ಟುದನ್ನು ಉಣ್ಣದೆ ಅವರಿಗೆ ಬೇರೆ ಮಾರ್ಗವೆಲ್ಲಿತ್ತು?

ವೈದ್ಯರು ಬಹುಕಾಲ ಹಲ್ಲುಗಳನ್ನಷ್ಟೇ ಎಣಿಸಿದರು. ಅದೇ ಅಡಿಲೇಡಿನಲ್ಲಿ ಸ್ಲೇಡ್ ಮತ್ತು ಸ್ಪೆನ್ಸರ್ ಎಂಬ ವಿದ್ವಾಂಸರು 1994ರಲ್ಲಿ 49 ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. 1997ರಲ್ಲಿ ಅದು 14 ಪ್ರಶ್ನೆಗಳಿಗೆ ಇಳಿಯಿತು. ಮಾತನಾಡಲು ತೊಡಕಾಯಿತೇ? ಊಟದ ರುಚಿ ಕೆಟ್ಟಿತೇ? ಅರ್ಧ ಊಟಕ್ಕೇ ನಿಲ್ಲಿಸಬೇಕಾಯಿತೇ? ನಾಲ್ವರ ನಡುವೆ ನಾಚಿಕೆಯಾಯಿತೇ? ಇತರರ ಮೇಲೆ ಸಿಡಿಮಿಡಿಗೊಂಡಿರೇ? ಇಂಥ ಸಾಮಾನ್ಯ ಪ್ರಶ್ನೆಗಳು. ಮೂಲನಿವಾಸಿ ವಯಸ್ಕರ ಅಧ್ಯಯನಗಳಲ್ಲಿಯೂ ಇವನ್ನು ಬಳಸಲಾಗಿದೆ. ನಮ್ಮ ಮನೆಗಳಲ್ಲಿ ಅಜ್ಜಿಯೊಬ್ಬರು ಖಡಕ್ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಕೊಳ್ಳತೊಡಗಿದಾಗ ವಯಸ್ಸಾಯಿತೆಂದು ಸುಮ್ಮನಾಗುವ ನಮಗೆ ಇಂಥದೊಂದು ಪ್ರಶ್ನೆ ಹೊಳೆದುದುಂಟೇ?

ದೂರದ ಊರುಗಳಲ್ಲಿ ದಂತವೈದ್ಯರು ನೆಲೆಸಿರುವುದಿಲ್ಲ. ಆಗಾಗ ಬಂದು ಹೋಗುತ್ತಾರೆ. ನೋವು ಅವರ ಬರವಿಗಾಗಿ ಕಾಯಬೇಕು. ಕಾದು ಕಾದು ತೋರಿಸುವ ಹೊತ್ತಿಗೆ ಹಲ್ಲನ್ನು ಕೀಳುವುದೊಂದೇ ಉಳಿದಿರುತ್ತದೆ. ಪಟ್ಟಣಕ್ಕೆ ಹೋಗೋಣವೆಂದರೆ ಖರ್ಚು. ಅದಕ್ಕೂ ಮಿಗಿಲಾಗಿ, ಇಷ್ಟು ತಡವೇಕೆಂದು ಗದರಿಸಿಕೊಳ್ಳುವ ಭಯ. ನಾಚಿಕೆ ಎಂಬುದು ಅಲ್ಲಿ ಸಣ್ಣ ಮಾತಲ್ಲ. ಮೂಲನಿವಾಸಿಗಳು ಆಡುವ ಇಂಗ್ಲಿಷಿನಲ್ಲಿ 'ಶೇಮ್' ಎಂಬ ಪದಕ್ಕೆ ಸಂಕೋಚ, ಮುಜುಗರ, ಪರರ ಕಣ್ಣಿಗೆ ಬೀಳುವ ಅಳುಕು ಎಲ್ಲವೂ ಸೇರಿವೆ.

ಇಷ್ಟರ ಮೇಲೆ ಮಧುಮೇಹ. ಸಕ್ಕರೆ ಹತೋಟಿ ತಪ್ಪಿದರೆ ವಸಡು ಕೆಡುತ್ತದೆ. ವಸಡಿನ ಸೋಂಕು ಸಕ್ಕರೆಯ ಹತೋಟಿಯನ್ನು ಕಷ್ಟಗೊಳಿಸುತ್ತದೆ. ಈ ಜನರಲ್ಲಿ ಮೂತ್ರಪಿಂಡದ ಕಾಯಿಲೆಯೂ ಅಧಿಕ. ಬದಲಿ ಮೂತ್ರಪಿಂಡ ಜೋಡಿಸುವ ಮುನ್ನ ಬಾಯಿಯಲ್ಲಿ ಸೋಂಕಿಲ್ಲವೆಂದು ಪರೀಕ್ಷಿಸಿಕೊಳ್ಳಬೇಕು. ಹೀಗೆ ಕೆಟ್ಟ ಹಲ್ಲೊಂದು ಜೀವ ಉಳಿಸುವ ಚಿಕಿತ್ಸೆಗೇ ಅಡ್ಡ ನಿಲ್ಲಬಹುದು.

1971ರಲ್ಲಿ ಸಿಡ್ನಿಯ ರೆಡ್‌ಫರ್ನ್ ಎಂಬಲ್ಲಿ ಮೂಲನಿವಾಸಿಗಳು ತಮ್ಮದೇ ಆಡಳಿತದ ಆರೋಗ್ಯ ಕೇಂದ್ರವನ್ನು ತೆರೆದರು. ಆ ಮಾದರಿಯ ಸಂಸ್ಥೆಗಳು ಈಗ ದೇಶದ ಹಲವೆಡೆ ಇದ್ದು, ಕೆಲವು ದಂತಚಿಕಿತ್ಸೆಯನ್ನೂ ನೀಡುತ್ತವೆ. ಅಲ್ಲಿ ಬಾಗಿಲಲ್ಲೇ ಎದುರುಗೊಳ್ಳುವವರು ಹೆಚ್ಚಾಗಿ ಅವರ ಜನರೇ ಆಗಿರುತ್ತಾರೆ.