ಸಾಮೂಹಿಕ ಕಾರ್ಯಸ್ಥಾನ: ಬೀಡಿ ಕಸುಬಿನ ಚರಿತ್ರೆಯ ಬೆಳಕಿನಲ್ಲಿ ಒಂದು ವಿವೇಚನೆ

೧

ಸ್ವತಂತ್ರವಾಗಿ ದುಡಿಯುವವರೂ, ದೂರದ ಸಂಸ್ಥೆಗಳಿಗೆ ತಮ್ಮ ಊರಿನಲ್ಲಿಯೇ ಕುಳಿತು ಕೆಲಸ ಮಾಡಿಕೊಡುವವರೂ ಒಂದೇ ಮಾಡಿನ ಕೆಳಗೆ ಸೇರಿ, ಸ್ಥಳ, ವಿದ್ಯುತ್ತು, ಅಂತರಜಾಲ ಮೊದಲಾದ ಸೌಕರ್ಯಗಳನ್ನು ಹಂಚಿಕೊಂಡು ದುಡಿಯುವ ಏರ್ಪಾಡನ್ನು ಈ ಲೇಖನದಲ್ಲಿ ಸಾಮೂಹಿಕ ಕಾರ್ಯಸ್ಥಾನವೆಂದು ಕರೆದಿದ್ದೇವೆ. ೨೦೦೫ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಬ್ರ್ಯಾಡ್ ನ್ಯೂಬರ್ಗ್ ಎಂಬ ತಂತ್ರಜ್ಞನು ಇಂಥ ಒಂದು ತಾಣವನ್ನು ತೆರೆದು ಅದಕ್ಕೆ 'ಕೋವರ್ಕಿಂಗ್' ಎಂಬ ಹೆಸರಿಟ್ಟನು. ಆಗಿನಿಂದ ಈ ಪದ್ಧತಿಯು ಜಗತ್ತಿನ ದೊಡ್ಡ ನಗರಗಳಲ್ಲೆಲ್ಲ ಹಬ್ಬಿದೆ. ಇದರಿಂದಾಗಿ ಇದು ನಗರದ ವಸ್ತು, ಹೊಸ ಕಾಲದ ವಸ್ತು ಎಂಬ ಭಾವನೆ ಬಲವಾಗಿ ಬೇರೂರಿದೆ.

ಈ ಭಾವನೆ ಅರ್ಧ ಮಾತ್ರ ಸರಿಯೆಂಬುದು ನಮ್ಮ ಅಭಿಪ್ರಾಯ. ಉಪಕರಣಗಳು ಹೊಸವು, ಪ್ರಶ್ನೆ ಹಳೆಯದು. ದೂರದ ಯಜಮಾನನಿಗಾಗಿ ದುಡಿಯುವವನು ಎಲ್ಲಿ ಕುಳಿತು ದುಡಿಯಬೇಕು? ಆ ಸ್ಥಳದ ವೆಚ್ಚವನ್ನು ಯಾರು ಹೊರಬೇಕು? ಸ್ಥಳದ ಒಡೆತನ ಯಾರದಾಗಿರಬೇಕು? ಈ ಮೂರು ಪ್ರಶ್ನೆಗಳನ್ನು ದಕ್ಷಿಣ ಕನ್ನಡ ಜಿಲ್ಲೆಯ ಹಳ್ಳಿಗಳು ಗಣಕಯಂತ್ರ ಬರುವುದಕ್ಕೆ ಬಹಳ ಮೊದಲೇ ಎದುರಿಸಿದ್ದವು. ಅಲ್ಲಿನ ಬೀಡಿ ಕಸುಬಿನ ಚರಿತ್ರೆಯನ್ನು ಈ ದೃಷ್ಟಿಯಿಂದ ಪರಿಶೀಲಿಸಿ, ಇಂದಿನ ದೂರಕೆಲಸಗಾರರಿಗೆ ಅದರಿಂದ ದೊರೆಯುವ ಪಾಠವೇನೆಂಬುದನ್ನು ನಿರ್ಧರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಡುವಣ ವಾಮದಪದವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. 'ಪದವು' ಎಂದರೆ ತುಳುನಾಡಿನಲ್ಲಿ ಎತ್ತರದ ಬಯಲು ನೆಲ. ಬಯಲುಸೀಮೆಯ ಊರುಗಳಂತೆ ಇಲ್ಲಿನ ಮನೆಗಳು ಒಂದಕ್ಕೊಂದು ಅಂಟಿಕೊಂಡು ನಿಂತಿಲ್ಲ. ತಂತಮ್ಮ ಅಡಕೆಯ ತೋಟ, ಗದ್ದೆ, ಗುಡ್ಡಗಳ ನಡುವೆ ಚದರಿವೆ. ಅಂಗಡಿ, ಶಾಲೆ, ಕಾಲೇಜು, ಆಸ್ಪತ್ರೆ, ಸಹಕಾರಿ ಸಂಘಗಳು ಪದವಿನ ಪೇಟೆಯಲ್ಲಿ ಕೂಡಿದರೆ, ದುಡಿಯುವ ಜನ ಸುತ್ತಣ ಇಳಿಜಾರುಗಳಲ್ಲಿ ಬಿಡಿಬಿಡಿಯಾಗಿ ಇರುತ್ತಾರೆ. ಇಂಥ ನೆಲಕ್ಕೆ ಬೀಡಿ ಕಸುಬು ಒಗ್ಗಿದ್ದು ಆಕಸ್ಮಿಕವಲ್ಲ.

ಬೀಡಿಗೆ ಬೇಕಾದ ಎಲೆ ಈ ಜಿಲ್ಲೆಯದಲ್ಲ. ಅದು ಮಧ್ಯಪ್ರದೇಶ, ಒಡಿಶಾ ಮೊದಲಾದ ಕಡೆಯ ಕಾಡುಗಳಿಂದ ಬರುತ್ತದೆ. ಹೊಗೆಸೊಪ್ಪೂ ನಿಪ್ಪಾಣಿ, ಗುಜರಾತುಗಳ ಕಡೆಯದು. ಜಿಲ್ಲೆ ಒದಗಿಸಿದ್ದು ಮುಖ್ಯವಾಗಿ ಕೈಗಳನ್ನು, ಅದರಲ್ಲಿಯೂ ಹೆಂಗಸರ ಕೈಗಳನ್ನು. ಮಂಗಳೂರಿನ ಕಂಪೆನಿಯು ಗುತ್ತಿಗೆದಾರನ ಮೂಲಕ ಊರಿನ 'ಬ್ರಾಂಚ್'ಗೆ ಎಲೆ, ಹೊಗೆಸೊಪ್ಪು, ನೂಲುಗಳನ್ನು ಕಳುಹಿಸುತ್ತದೆ. ಹೆಂಗಸರು ಅವನ್ನು ತೂಕಮಾಡಿಸಿಕೊಂಡು ಮನೆಗೆ ಒಯ್ದು, ಎಲೆ ನೆನೆಸಿ, ಅಚ್ಚಿಟ್ಟು ಕತ್ತರಿಸಿ, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಸುತ್ತುತ್ತಾರೆ. ಇಪ್ಪತ್ತೈದರಂತೆ ಕಟ್ಟು ಕಟ್ಟಿ ಬ್ರಾಂಚಿಗೆ ಒಪ್ಪಿಸಿದಾಗ ಸಾವಿರಕ್ಕೆ ಇಷ್ಟೆಂದು ಕೂಲಿ ಲೆಕ್ಕವಾಗುತ್ತದೆ. ಚೆನ್ನಾಗಿಲ್ಲವೆಂದು ತೆಗೆದುಹಾಕಿದ ಬೀಡಿಗೆ ಕೂಲಿಯಿಲ್ಲ.

ಈ ಏರ್ಪಾಡಿನಲ್ಲಿ ಕಾರ್ಖಾನೆಯೆಂಬುದೇ ಇಲ್ಲ. ಮನೆಯ ಜಗಲಿಯೇ ಕಾರ್ಖಾನೆ. ಜಗಲಿಗೆ ಬಾಡಿಗೆಯಿಲ್ಲ, ರಾತ್ರಿಯ ದೀಪದ ಖರ್ಚು ಮನೆಯವರದು, ಹೊಗೆಸೊಪ್ಪಿನ ಧೂಳನ್ನು ಉಸಿರಾಡುವವರೂ ಮನೆಯವರೇ. ಇನ್ನೊಂದು ಕಡೆಯಿಂದ ನೋಡಿದರೆ, ಮಗುವನ್ನು ತೊಟ್ಟಿಲಿನಲ್ಲಿ ಮಲಗಿಸಿ, ಒಲೆಯ ಮೇಲೆ ಅನ್ನಕ್ಕಿಟ್ಟು, ನಡುವಿನ ಹೊತ್ತಿನಲ್ಲಿ ನಾಲ್ಕು ಕಾಸು ಸಂಪಾದಿಸಲು ಹೆಂಗಸರಿಗೆ ದೊರೆತ ದಾರಿಯೂ ಇದೇ ಆಗಿತ್ತು. ಮಕ್ಕಳ ಶಾಲೆಯ ಖರ್ಚನ್ನು ಬೀಡಿಯ ಹಣದಿಂದಲೇ ನಿಭಾಯಿಸಿದ ಮನೆಗಳು ಈ ಪ್ರದೇಶದಲ್ಲಿ ಬಹಳ. ಈ ಎರಡು ಮುಖಗಳಲ್ಲಿ ಯಾವುದನ್ನು ಮರೆತರೂ ವಿವೇಚನೆ ಏಕಪಕ್ಷೀಯವಾಗುತ್ತದೆ.

೩

ಕಾನೂನು ಈ ಪ್ರಶ್ನೆಯನ್ನು ಹೇಗೆ ಕಂಡಿತೆಂಬುದನ್ನು ಈಗ ನೋಡಬೇಕು. ೧೯೬೬ರಲ್ಲಿ ಸಂಸತ್ತು ಬೀಡಿ ಮತ್ತು ಸಿಗಾರ್ ಕಾರ್ಮಿಕರ ಅಧಿನಿಯಮವನ್ನು ಅಂಗೀಕರಿಸಿತು. ಕಚ್ಚಾ ಸಾಮಗ್ರಿ ಪಡೆದು ಮನೆಯಲ್ಲಿ ಬೀಡಿ ಸುತ್ತುವವರೂ 'ನೌಕರ'ರೇ ಎಂದು ಅದು ಸ್ಪಷ್ಟವಾಗಿ ಹೇಳಿತು. ಮಂಗಳೂರು ಗಣೇಶ ಬೀಡಿ ವರ್ಕ್ಸ್ ಮೊದಲಾದ ಉದ್ಯಮಗಳು ಇದರ ಸಿಂಧುತ್ವವನ್ನು ಪ್ರಶ್ನಿಸಿದಾಗ, ಸುಪ್ರೀಂ ಕೋರ್ಟು ೧೯೭೪ರಲ್ಲಿ ಅಧಿನಿಯಮವನ್ನು ಎತ್ತಿಹಿಡಿಯಿತು. ಆ ತೀರ್ಪಿನಲ್ಲಿ ನಮಗೆ ಮುಖ್ಯವಾದ ಒಂದು ತತ್ತ್ವವಿದೆ: ಯಜಮಾನನು ಎದುರಿಗೆ ನಿಂತು ಮೇಲ್ವಿಚಾರಣೆ ನಡೆಸದಿದ್ದರೂ, ಸಿದ್ಧವಾದ ವಸ್ತುವನ್ನು ಸರಿಯಿಲ್ಲವೆಂದು ತಿರಸ್ಕರಿಸುವ ಅಧಿಕಾರ ಅವನಲ್ಲಿದ್ದರೆ, ಆ ಅಧಿಕಾರವೇ ನಿಯಂತ್ರಣದ ಕುರುಹು.

ಆದರೆ ಇದೇ ಅಧಿನಿಯಮದ ಒಳಗೆ ಒಂದು ಬಿರುಕಿತ್ತು. ಗಾಳಿಬೆಳಕು, ದಿನಕ್ಕೆ ೯ ಗಂಟೆ ಹಾಗೂ ವಾರಕ್ಕೆ ೪೮ ಗಂಟೆಗಳ ಮಿತಿ, ಮಕ್ಕಳಿಗೆ ಶಿಶುವಿಹಾರ ಮೊದಲಾದ ನಿಬಂಧನೆಗಳು 'ಕೈಗಾರಿಕಾ ಆವರಣ'ಕ್ಕೆ ಅನ್ವಯಿಸುವಂಥವು. ವಾಸದ ಮನೆಯು ಆವರಣದ ಆ ವ್ಯಾಖ್ಯೆಯಿಂದ ಹೊರಗಿತ್ತು. ಅಂದರೆ ಕಾನೂನು ಮನೆಯಲ್ಲಿ ದುಡಿಯುವವಳಿಗೆ ಕೆಲಸಗಾರಳೆಂಬ ಸ್ಥಾನವನ್ನು ಕೊಟ್ಟಿತಾದರೂ ಅವಳು ಕುಳಿತ ಜಾಗದ ಹೊಸ್ತಿಲನ್ನು ದಾಟಲಿಲ್ಲ. ೨೦೨೦ರಲ್ಲಿ ಸಂಸತ್ತು ಅಂಗೀಕರಿಸಿದ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಈ ಅಧಿನಿಯಮವನ್ನೂ ಅಡಕಮಾಡಲಾಯಿತು. ಸ್ಥಾನ ದೊರೆಯುವುದು ಒಂದು, ಸ್ಥಳ ದೊರೆಯುವುದು ಇನ್ನೊಂದು ಎಂಬ ಭೇದ ಮಾತ್ರ ಇಂದಿಗೂ ವಿಚಾರಾರ್ಹವಾಗಿದೆ.

೪

ಇದೇ ಅಧಿನಿಯಮವು ನೆರೆಯ ಕೇರಳದಲ್ಲಿ ಬೇರೊಂದು ಪರಿಣಾಮವನ್ನು ಉಂಟುಮಾಡಿತು. ಕಣ್ಣೂರು ಜಿಲ್ಲೆಯಲ್ಲಿ (ಆಗ ಕಾಸರಗೋಡೂ ಅದರಲ್ಲಿಯೇ ಸೇರಿದ್ದಿತು) ಬೀಡಿ ಸುತ್ತುವವರು ಮನೆಗಳಲ್ಲಲ್ಲ, ಶೆಡ್ಡುಗಳಲ್ಲಿ ಕೂಡಿ ಕುಳಿತು ದುಡಿಯುವ ರೂಢಿ ಪ್ರಬಲವಾಗಿತ್ತು. ಕೇರಳ ಸರಕಾರವು ಅಧಿನಿಯಮವನ್ನು ಜಾರಿಗೆ ತರಲು ಮುಂದಾದಾಗ, ೧೯೬೮ರಲ್ಲಿ ಗಣೇಶ ಬೀಡಿಯೇ ಮೊದಲಾದ ಕಂಪೆನಿಗಳು ಅಲ್ಲಿನ ತಮ್ಮ ಕಾರ್ಯಶಾಲೆಗಳನ್ನು ಮುಚ್ಚಿದುವು. ಸುಮಾರು ೧೨,೦೦೦ ಕೆಲಸಗಾರರು ನಿರುದ್ಯೋಗಿಗಳಾದರು. ೧೯೬೯ರಲ್ಲಿ ಸರಕಾರದ ನೆರವಿನಿಂದ ಅವರಿಗಾಗಿ ಕೇರಳ ದಿನೇಶ್ ಬೀಡಿ ಕಾರ್ಮಿಕರ ಕೇಂದ್ರ ಸಹಕಾರಿ ಸಂಘ ಸ್ಥಾಪಿತವಾಯಿತು. ಪ್ರಾಥಮಿಕ ಸಂಘಗಳು ಊರೂರುಗಳಲ್ಲಿ ಕಾರ್ಯಶಾಲೆಗಳನ್ನು ನಡೆಸಿದುವು. ಎಲೆ, ಹೊಗೆಸೊಪ್ಪುಗಳ ಖರೀದಿ ಮತ್ತು ಮಾರಾಟ ಕೇಂದ್ರ ಸಂಘದ ಹೊಣೆಯಾಯಿತು. ಏಳಿಗೆಯ ದಿನಗಳಲ್ಲಿ ಸದಸ್ಯ ಕೆಲಸಗಾರರ ಸಂಖ್ಯೆ ೪೦,೦೦೦ವನ್ನು ಮೀರಿತ್ತು. ಅವರಲ್ಲಿ ಹೆಂಗಸರೇ ಹೆಚ್ಚು.

ಅಲ್ಲಿನ ಶೆಡ್ಡುಗಳ ಒಂದು ಪದ್ಧತಿ ವಿಶೇಷ ಗಮನಕ್ಕೆ ಅರ್ಹವಾಗಿದೆ. ಎಲ್ಲರೂ ಬೀಡಿ ಸುತ್ತುತ್ತಿರುವಾಗ ಒಬ್ಬನು ವೃತ್ತಪತ್ರಿಕೆಯನ್ನೋ ಕಾದಂಬರಿಯನ್ನೋ ಗಟ್ಟಿಯಾಗಿ ಓದುತ್ತಿದ್ದನು; ಅಷ್ಟು ಹೊತ್ತು ಅವನಿಗೆ ತಪ್ಪಿಹೋದ ಬೀಡಿಗಳನ್ನು ಉಳಿದವರು ತಂತಮ್ಮ ಪಾಲಿನಿಂದ ತುಂಬಿಕೊಡುತ್ತಿದ್ದರು. ಕ್ಯೂಬಾ ದೇಶದ ಹವಾನಾದಲ್ಲಿಯೂ ಸಿಗಾರ್ ಕೆಲಸಗಾರರು ೧೮೬೫ರಿಂದ ಇಂಥ ಓದುಗರನ್ನು ತಮ್ಮ ದುಡ್ಡಿನಿಂದಲೇ ಇಟ್ಟುಕೊಂಡಿದ್ದರು. ಓದುವವನೊಬ್ಬನು ಬೇಕೆಂದು ಮನೆಯ ಜಗಲಿಯಲ್ಲಿ ಒಬ್ಬಳೇ ಕುಳಿತವಳು ಬಯಸಿದರೂ ಅದು ಸಾಧ್ಯವಲ್ಲ; ನೂರು ಜನ ಕೂಡಿದಲ್ಲಿ ಅದು ತಲೆಗೆ ಕೆಲವು ಬೀಡಿಗಳ ಖರ್ಚು. ಸಾಮೂಹಿಕ ಕಾರ್ಯಸ್ಥಾನದ ಅರ್ಥಶಾಸ್ತ್ರವೆಲ್ಲ ಈ ಲೆಕ್ಕದಲ್ಲಿ ಅಡಗಿದೆಯೆನ್ನಬಹುದು.

ಇದರ ಇನ್ನೊಂದು ಮುಖವನ್ನೂ ಹೇಳದಿರುವುದು ನ್ಯಾಯವಲ್ಲ. ಭವಿಷ್ಯನಿಧಿ, ರಜೆಯ ಸಂಬಳ ಮೊದಲಾದ ಸೌಲಭ್ಯಗಳನ್ನು ಪೂರ್ಣವಾಗಿ ಕೊಡುವ ಸಂಘದ ಬೀಡಿಯು, ಮನೆಮನೆಗಳಲ್ಲಿ ಅಗ್ಗವಾಗಿ ಸುತ್ತಿಸಿದ ಬೀಡಿಯೊಡನೆ ಬೆಲೆಯಲ್ಲಿ ಸ್ಪರ್ಧಿಸಬೇಕಾಯಿತು. ಬೀಡಿ ಸೇದುವವರ ಸಂಖ್ಯೆಯೂ ಇಳಿಮುಖವಾಯಿತು. ೧೯೯೦ರ ದಶಕದ ಕೊನೆಯಿಂದ ಸಂಘವು ಆಹಾರ ಪದಾರ್ಥ, ಕೊಡೆ, ಮಾಹಿತಿ ತಂತ್ರಜ್ಞಾನ ಮೊದಲಾದ ಬೇರೆ ಉದ್ಯೋಗಗಳತ್ತ ತಿರುಗಿತು. ಒಂದು ಊರಿನ ಒಳ್ಳೆಯ ಕಾರ್ಯಸ್ಥಾನವನ್ನು ಪಕ್ಕದ ಊರಿನ ಅಗ್ಗದ ಜಗಲಿ ಸೋಲಿಸಬಲ್ಲದೆಂಬುದು ಇಲ್ಲಿನ ಎರಡನೆಯ ಪಾಠ.

೫

ಈಗ ಇಂದಿನ ಸ್ಥಿತಿಗೆ ಬರೋಣ. ೨೦೨೦ರ ಮಾರ್ಚಿಯಲ್ಲಿ ಕೋವಿಡ್ ಕಾರಣದಿಂದ ನಗರದ ಕಚೇರಿಗಳು ಮುಚ್ಚಿದಾಗ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ಬಹುಮಂದಿ ತರುಣರು ತಮ್ಮ ಹುಟ್ಟೂರುಗಳಿಗೆ ಮರಳಿ ಅಲ್ಲಿಂದಲೇ ಕೆಲಸ ಮುಂದುವರಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆಯು ತನ್ನ ನಿಯಮಗಳನ್ನು ಸಡಿಲಿಸಿ, ಸೇವಾ ಸಂಸ್ಥೆಗಳ ನೌಕರರು ಮನೆಯಿಂದ ದುಡಿಯುವುದನ್ನು ಸುಗಮಗೊಳಿಸಿತು. ಘಟ್ಟದ ತಪ್ಪಲಿನ ಹಳ್ಳಿಗಳಲ್ಲಿ ದೂರವಾಣಿಯ ಸಂಕೇತ ದೊರೆಯದೆ ವಿದ್ಯಾರ್ಥಿಗಳು ಗುಡ್ಡದ ನೆತ್ತಿಯಲ್ಲಿ ಟಾರ್ಪಾಲು ಕಟ್ಟಿ ಕುಳಿತ ಸಂಗತಿ ಆಗ ಪತ್ರಿಕೆಗಳಲ್ಲಿ ವರದಿಯಾಗಿತ್ತು.

ಬೀಡಿಯ ಬ್ರಾಂಚಿಗೂ ಅಂತರಜಾಲಕ್ಕೂ ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ತಿಂಗಳ ಸಂಬಳ ಪಡೆಯುವ ತಂತ್ರಜ್ಞನ ಸ್ಥಿತಿ ಬೀಡಿ ಸುತ್ತುವವಳ ಸ್ಥಿತಿಯಲ್ಲ. ಆದರೆ ಪುಟಕ್ಕೆ ಇಷ್ಟೆಂದು ಭಾಷಾಂತರ ಮಾಡುವವರು, ಧ್ವನಿಯನ್ನು ಬರಹಕ್ಕಿಳಿಸುವವರು, ಅಂಕಿಅಂಶ ತುಂಬುವವರು, ಚಿತ್ರವಿನ್ಯಾಸ ಮಾಡಿಕೊಡುವವರು ಇವರ ಸ್ಥಿತಿಯನ್ನು ಪರಿಶೀಲಿಸಿದರೆ ಹೋಲಿಕೆ ತಾನಾಗಿಯೇ ಎದ್ದು ಕಾಣುತ್ತದೆ. ಕೂಲಿ ಬಿಡಿ ಲೆಕ್ಕದ್ದು. ಸ್ಥಳ, ವಿದ್ಯುತ್ತು, ಯಂತ್ರಗಳ ವೆಚ್ಚ ಕೆಲಸಗಾರನದು. ಕೆಲಸವನ್ನು ತಿರಸ್ಕರಿಸುವ ಅಧಿಕಾರ ಕಾಣದ ಯಜಮಾನನದು. ೧೯೭೪ರ ತೀರ್ಪಿನ ತತ್ತ್ವವನ್ನು ನೆನೆದರೆ ಇವರು ಎಷ್ಟರ ಮಟ್ಟಿಗೆ 'ಸ್ವತಂತ್ರರು' ಎಂಬ ಸಂದೇಹ ಹುಟ್ಟದಿರದು. ಬೀಡಿಯವಳಿಗೆ ಕಾನೂನಿನ ಮುಂದೆ ತೋರಿಸಲು ಒಂದು ಕಂಪೆನಿಯಾದರೂ ಇದ್ದಿತು. ಇವರಿಗೆ ಅನೇಕ ವೇಳೆ ಅದೂ ಇಲ್ಲ.

ಇಂಥವರಿಗೆ ಸಾಮೂಹಿಕ ಕಾರ್ಯಸ್ಥಾನವು ಮೂರು ರೀತಿಯಲ್ಲಿ ಒದಗುತ್ತದೆ. ಮೊದಲನೆಯದು ವೆಚ್ಚದ ಹಂಚಿಕೆ. ಮಳೆಗಾಲದ ಸಿಡಿಲು, ಗಾಳಿ, ವಿದ್ಯುತ್ ಕಡಿತಗಳ ನಡುವೆ ಪ್ರತಿಯೊಂದು ಒಂಟಿಮನೆಯೂ ಬ್ಯಾಟರಿಯನ್ನೂ ಎರಡೆರಡು ಸಂಪರ್ಕಗಳನ್ನೂ ಇಟ್ಟುಕೊಳ್ಳುವುದು ದುಬಾರಿ; ಪದವಿನ ಪೇಟೆಯಲ್ಲಿ ಇಪ್ಪತ್ತು ಜನರಿಗೆ ಒಂದೇ ಏರ್ಪಾಡು ಸಾಕು. ಎರಡನೆಯದು ಹೊತ್ತಿನ ಮಿತಿ. ಮನೆಯಲ್ಲಿ ಕೆಲಸಕ್ಕೆ ಆರಂಭವೂ ಇಲ್ಲ, ಮುಗಿತಾಯವೂ ಇಲ್ಲ. ಬೇರೆ ಸ್ಥಳಕ್ಕೆ ಹೋಗಿ ಬರುವವನಿಗೆ ಬಾಗಿಲು ಹಾಕುವ ಹೊತ್ತೊಂದಿರುತ್ತದೆ. ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಅರಿವು. ಪಕ್ಕದವನಿಗೆ ಪುಟಕ್ಕೆ ಎಷ್ಟು ದೊರೆಯುತ್ತದೆ, ಯಾರು ಹಣ ಸರಿಯಾಗಿ ಕೊಡುತ್ತಾರೆ, ಯಾರು ಸಲ್ಲದ ನೆಪ ಹೇಳಿ ಕೆಲಸವನ್ನು ತಿರಸ್ಕರಿಸುತ್ತಾರೆ ಎಂಬುದು ಒಂಟಿಯಾಗಿ ಕುಳಿತವನಿಗೆ ತಿಳಿಯುವಂತಿಲ್ಲ. ಕಣ್ಣೂರಿನ ಶೆಡ್ಡುಗಳಿಗೆ ಬಲ ಬಂದುದು ಗೋಡೆಗಳಿಂದಲ್ಲ, ಈ ಮಾತುಕತೆಯಿಂದ.

೬

ಹಾಗಾದರೆ ಇಂಥ ಸ್ಥಾನ ಯಾರ ಕೈಯಲ್ಲಿರಬೇಕು? ಬಾಡಿಗೆಯ ವ್ಯಾಪಾರವಾಗಿ ನಡೆಸುವ ಮಾರ್ಗವೊಂದಿದೆ. ಅದರ ಅಪಾಯವನ್ನು, ೨೦೧೦ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾಗಿ ಜಗದ್ವ್ಯಾಪಿಯಾಗಿ ಬೆಳೆದ ವೀವರ್ಕ್ ಸಂಸ್ಥೆಯು ೨೦೨೩ರ ನವೆಂಬರಿನಲ್ಲಿ ದಿವಾಳಿ ಕಾನೂನಿನ ರಕ್ಷಣೆ ಕೋರಿದುದರಿಂದ ಊಹಿಸಬಹುದು. ಯಜಮಾನನೇ ಒದಗಿಸುವುದು ಎರಡನೆಯ ಮಾರ್ಗ. ಆಗ ೧೯೬೮ರಲ್ಲಿ ಆದಂತೆ, ಅವನು ಮುಚ್ಚಿದ ದಿನ ಸ್ಥಾನವೂ ಇಲ್ಲವಾಗುತ್ತದೆ. ಬಳಸುವವರೇ ಸದಸ್ಯರಾಗಿರುವ ಸಹಕಾರಿ ಪದ್ಧತಿ ಮೂರನೆಯದು. ಮೊಳಹಳ್ಳಿ ಶಿವರಾಯರು ಸಹಕಾರ ಚಳವಳಿಯನ್ನು ಬೆಳೆಸಿದ, ೧೯೭೩ರಲ್ಲಿ ಅಡಕೆ ಬೆಳೆಗಾರರು ತಮ್ಮದೇ ಆದ ಕ್ಯಾಂಪ್ಕೊ ಸಂಸ್ಥೆಯನ್ನು ಕಟ್ಟಿಕೊಂಡ ಜಿಲ್ಲೆಗೆ ಈ ಮಾರ್ಗ ಅಪರಿಚಿತವಲ್ಲ. ಪಂಚಾಯಿತಿ ಗ್ರಂಥಾಲಯಗಳು 'ಅರಿವು ಕೇಂದ್ರ'ಗಳಾಗಿರುವುದೂ, ಗ್ರಾಮೀಣ ಉದ್ಯೋಗ ಖಾತರಿಯ ಹೆಂಗಸರ ಮಕ್ಕಳಿಗಾಗಿ ೨೦೨೩ರಲ್ಲಿ 'ಕೂಸಿನ ಮನೆ'ಗಳು ಆರಂಭವಾದುದೂ ಇದಕ್ಕೆ ಪೂರಕವಾದ ಸಂಗತಿಗಳು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಎಲ್ಲರೂ ಬಂದು ಕೂಡಲೇಬೇಕೆಂಬ ನಿರ್ಬಂಧವನ್ನು ಹಾಕಿದರೆ, ಮನೆ ಬಿಟ್ಟು ಬರಲಾರದ ತಾಯಂದಿರೇ ಮೊದಲು ಕೆಲಸ ಕಳೆದುಕೊಳ್ಳುತ್ತಾರೆ. ಆದುದರಿಂದ ಸ್ಥಾನವು ನಡೆದು ಬರುವ ದೂರದಲ್ಲಿರಬೇಕು, ಹೊತ್ತು ಅವರ ಅನುಕೂಲಕ್ಕೆ ಹೊಂದಬೇಕು, ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಡು ಪಕ್ಕದಲ್ಲಿಯೇ ಇರಬೇಕು. ಬರಲಾಗದವರಿಗೂ ಸದಸ್ಯತ್ವ ದೊರೆತು, ದರದ ತಿಳಿವಳಿಕೆಯೂ ವ್ಯಾಜ್ಯದಲ್ಲಿ ನೆರವೂ ಅವರನ್ನು ಮುಟ್ಟಬೇಕು.

ಈ ವಿಷಯದಲ್ಲಿ ಕಾಲೇಜುಗಳಿಗೂ ಕರ್ತವ್ಯವಿದೆ. ತಮ್ಮ ಸುತ್ತಣ ಊರುಗಳಲ್ಲಿ ಎಷ್ಟು ಮಂದಿ ಹೀಗೆ ದೂರದವರಿಗಾಗಿ ದುಡಿಯುತ್ತಾರೆ, ದರ ಗೊತ್ತುಮಾಡುವವರು ಯಾರು, ತಿರಸ್ಕೃತವಾದ ಕೆಲಸದ ಪ್ರಮಾಣವೆಷ್ಟು, ಸಂಪರ್ಕಕ್ಕೂ ವಿದ್ಯುತ್ತಿಗೂ ತಿಂಗಳಿಗೆ ಆಗುವ ವೆಚ್ಚವೆಷ್ಟು ಎಂಬ ಪ್ರಶ್ನೆಗಳನ್ನು ಹಿಡಿದು ವಿದ್ಯಾರ್ಥಿಗಳು ಮನೆಮನೆಗೆ ಹೋಗಿ ಬರೆದುಕೊಂಡು ಬರಬಹುದು. ಬಂಟ್ವಾಳ, ಬೆಳ್ತಂಗಡಿಗಳ ಕಾಲೇಜುಗಳಲ್ಲಿ ಬೀಡಿ ಸುತ್ತಿದ ತಾಯಂದಿರ ಮಕ್ಕಳು ಓದಿದ್ದಾರೆ, ಈಗಲೂ ಓದುತ್ತಿದ್ದಾರೆ. ಬೀಡಿ ಕಸುಬು ಕುಗ್ಗುತ್ತಿರುವ ಈ ಕಾಲದಲ್ಲಿ ಅವರಲ್ಲಿ ಕೆಲವರಾದರೂ ಅದೇ ಜಗಲಿಯಲ್ಲಿ ಕುಳಿತು, ಕಾಣದ ಯಜಮಾನನಿಗೆ ಬಿಡಿ ಲೆಕ್ಕದಲ್ಲಿ ದುಡಿಯತೊಡಗುವುದು ಅಸಂಭವವಲ್ಲ. ಕಸುಬು ಬದಲಾದರೂ ಕರಾರು ಬದಲಾಗದೆ ಉಳಿಯಬಾರದೆಂದಾದರೆ, ದುಡಿಯುವವರು ಕೂಡುವ ಸ್ಥಳವೊಂದನ್ನು ಈಗಲೇ ಯೋಚಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.